ಇಂಡಕ್ಷನ್ ಕಾಯಿಸುವ ವಿಧಾನದ ಪೇಟೆಂಟ್ ಅರ್ಜಿಗೆ 'ಆಬ್ವಿಯಸ್' ಎಂಬ ತಿರಸ್ಕಾರ: ಅಪೀಲಿನಲ್ಲಿ ಯಾವ ವಾದ ನಿಲ್ಲುತ್ತದೆ?

ಪ್ರಶ್ನೆ:
ನಮ್ಮ ಪೇಟೆಂಟ್ ಅರ್ಜಿಯ ಕ್ಲೇಮಿನ (ಹಕ್ಕು ಕೇಳುವ ಭಾಗದ) ಸಾರ: 10 ಮಿ.ಮೀ. ವ್ಯಾಸದ ಉಕ್ಕಿನ ಸರಳನ್ನು ವಿದ್ಯುತ್ ಸುರುಳಿಯೊಳಗಿಟ್ಟು (ಇಂಡಕ್ಷನ್) 10 ಕಿಲೋಹರ್ಟ್ಸ್‌ ಆವರ್ತನದಲ್ಲಿ 780 ಡಿಗ್ರಿವರೆಗೆ ಕಾಯಿಸಿ, ಅಲ್ಲಿಂದ 50ರಿಂದ 400 ಕಿಲೋಹರ್ಟ್ಸ್‌ನ ಸುರುಳಿಗೆ ದಾಟಿಸಿ, 1150 ಡಿಗ್ರಿಗೆ ತಂದು ಫೋರ್ಜ್ ಮಾಡುವುದು (ಬಡಿದು, ಒತ್ತಿ ರೂಪ ಕೊಡುವುದು). ಪೇಟೆಂಟ್ ಕಚೇರಿಯ ಎಕ್ಸಾಮಿನರ್ ಹಳೆಯ ಎರಡು ದಾಖಲೆ ಜೋಡಿಸಿ, ಇದು ಆಬ್ವಿಯಸ್ (ಕ್ಷೇತ್ರ ಬಲ್ಲವರಿಗೆ ಸಹಜವಾಗಿ ಹೊಳೆಯುವಂಥದ್ದು) ಎಂದಿದ್ದಾರೆ. ಒಂದರಲ್ಲಿ ಪೂರ್ತಿ 10 ಕಿಲೋಹರ್ಟ್ಸ್‌ನಲ್ಲೇ ಕಾಯಿಸಿ ಫೋರ್ಜಿಂಗ್, ಇನ್ನೊಂದರಲ್ಲಿ 100 ಕಿಲೋಹರ್ಟ್ಸ್‌ನ ಮೇಲ್ಮೈ ಹಾರ್ಡನಿಂಗ್ (ಗಟ್ಟಿಗೊಳಿಸುವಿಕೆ). ಅಮೆರಿಕದ ಪೇಟೆಂಟ್ ಕಾನೂನಿನಲ್ಲಿ ಆಬ್ವಿಯಸ್ ಆದದ್ದಕ್ಕೆ ಪೇಟೆಂಟ್ ಇಲ್ಲವೆನ್ನುವ ಸೆಕ್ಷನ್ 103ರಡಿ ಫೈನಲ್ ರಿಜೆಕ್ಷನ್ ಬಂದಿದೆ.

ಉತ್ತರ 1:
ಕಾಂತಗುಣ ಇರುವಾಗ 10 ಕಿಲೋಹರ್ಟ್ಸ್‌ನಲ್ಲಿ ಪ್ರವಾಹ ಉಕ್ಕಿನೊಳಗೆ ಇಳಿಯುವ ಆಳ 1 ಮಿ.ಮೀ.ಗೂ ಕಡಿಮೆ. ಸುಮಾರು 770 ಡಿಗ್ರಿಯ ಕ್ಯೂರಿ ಬಿಂದು (ಉಕ್ಕು ಕಾಂತಗುಣ ಕಳೆದುಕೊಳ್ಳುವ ಉಷ್ಣತೆ) ದಾಟಿದರೆ ಅದು 5 ಮಿ.ಮೀ. ಮೀರುತ್ತದೆ. ಸರಳಿನ ವ್ಯಾಸವೇ 10. ಎದುರುಬದುರಿನ ಪ್ರವಾಹಗಳು ನಡುವೆ ಒಂದನ್ನೊಂದು ಹೊಡೆದುಹಾಕುತ್ತವೆ, ಬಿಸಿ ಏರುವುದು ತೀರಾ ನಿಧಾನವಾಗುತ್ತದೆ. 100 ಕಿಲೋಹರ್ಟ್ಸ್‌ನಲ್ಲಿ ಆಳ ಸುಮಾರು 1.7 ಮಿ.ಮೀ.ಗೆ ಇಳಿದು ಸರಳು ಮತ್ತೆ ಚೆನ್ನಾಗಿ ಕಾಯುತ್ತದೆ. ಆದರೆ ಇದು ಪಠ್ಯಪುಸ್ತಕದ ಮಾತು. ಇದನ್ನೇ ಮುಖ್ಯ ವಾದ ಮಾಡಿದರೆ ಎಕ್ಸಾಮಿನರ್ ಕೈಗೆ ಕೋಲು ಕೊಟ್ಟಂತೆ.

ಉತ್ತರ 2:
ಒಪ್ಪುತ್ತೇನೆ. ಅಮೆರಿಕದ ಸುಪ್ರೀಂ ಕೋರ್ಟಿನ 2007ರ ಕೆಎಸ್‌ಆರ್ ತೀರ್ಪಿನ ನಂತರ 'ಜೋಡಿಸಿ ಎಂದು ಎಲ್ಲೂ ಬರೆದಿಲ್ಲ' ಎನ್ನುವುದೊಂದೇ ಸಾಲದು. ಆದರೂ ಜೋಡಿಸಲು ಕಾರಣ ಏನೆಂದು ಎಕ್ಸಾಮಿನರ್ ಹೇಳಲೇಬೇಕು. ಹಾರ್ಡನಿಂಗ್‌ನಲ್ಲಿ ಮೇಲ್ಪದರ ಮಾತ್ರ ಕಾಯಬೇಕು, ತಿರುಳು ಕಾಯಬಾರದು. ಫೋರ್ಜಿಂಗಿಗೆ ತಿರುಳೂ ಕಾಯಬೇಕು. ಗುರಿಯೇ ತದ್ವಿರುದ್ಧವಾಗಿರುವ ದಾಖಲೆಯನ್ನು ಏಕೆ ಎಳೆದು ತಂದಿರಿ ಎಂದು ಕೇಳಿ. ನಿರೀಕ್ಷೆ ಮೀರಿದ ಫಲ ತೋರಿಸುವ ಪ್ರಯೋಗದ ಅಂಕಿಗಳಿವೆಯೇ?

ಪ್ರಶ್ನೆ ಕೇಳಿದವರು:
ಇವೆ. ಕಾಯುವಾಗ ಉಕ್ಕಿನ ಮೇಲೆ ಕಟ್ಟುವ ಆಕ್ಸೈಡ್ ಸಿಪ್ಪೆ ತುಂಬ ತೆಳುವಾಗಿದೆ. ಅಳತೆ 100 ಕಿಲೋಹರ್ಟ್ಸ್‌ನಲ್ಲಿ ಮಾತ್ರ.

ಉತ್ತರ 2:
ಅಲ್ಲೇ ತೊಡಕು. ಒಂದು ಬಿಂದುವಿನ ಫಲ 50ರಿಂದ 400ರ ಇಡೀ ವ್ಯಾಪ್ತಿಗೆ ಸಾಕ್ಷಿಯಾಗದು. ಎರಡು ತುದಿಗಳಲ್ಲೂ ಅಳೆಯಿರಿ, ಇಲ್ಲವೇ ಕ್ಲೇಮನ್ನು ಕಿರಿದು ಮಾಡಿ. ಬೇಗ ಕಾದರೆ ಸಿಪ್ಪೆ ಕಡಿಮೆ ಎನ್ನುವುದು ನಿರೀಕ್ಷಿತವೇ. ಸಮಯ ಉಳಿದದ್ದರಿಂದ ನಿರೀಕ್ಷಿಸುವುದಕ್ಕಿಂತ ಹೆಚ್ಚಿನ ಇಳಿಕೆ ಕಂಡರೆ ಮಾತ್ರ ಅದಕ್ಕೆ ತೂಕ. ಹೋಲಿಕೆ ಮೊದಲ ದಾಖಲೆಯೊಡನೆ ಇರಲಿ: ಅದೇ ಉಕ್ಕು, ಅದೇ ವ್ಯಾಸ, ಅದೇ ಕೊನೆಯ ಉಷ್ಣತೆ.

ಉತ್ತರ 3:
ಆ ಅಂಕಿಗಳನ್ನು ಪೇಟೆಂಟ್ ಕಚೇರಿಯ ರೂಲ್ 132ರ ಅಫಿಡವಿಟ್ (ಪ್ರಮಾಣಪತ್ರ) ಆಗಿ ಕೊಡಿ; ವಕೀಲರ ವಾದ ಸಾಕ್ಷ್ಯವಲ್ಲ. ಫೈನಲ್ ಆದಮೇಲೆ ಕೊಡುವುದಾದರೆ, ಮೊದಲೇ ಏಕೆ ಕೊಡಲಿಲ್ಲ ಎಂಬುದಕ್ಕೆ ತಕ್ಕ ಕಾರಣ ಬೇಕು. ಅಪೀಲ್ ಬ್ರೀಫ್ ಸಲ್ಲಿಸಿದ ಮೇಲಂತೂ ಬಾಗಿಲು ಹೆಚ್ಚುಕಡಿಮೆ ಮುಚ್ಚಿದಂತೆಯೇ. ಆದ್ದರಿಂದ ಮೊದಲು ಆರ್‌ಸಿಇ (ಪರಿಶೀಲನೆ ಮುಂದುವರಿಸುವ ಕೋರಿಕೆ) ಹಾಕಿ ಅಫಿಡವಿಟ್ಟನ್ನು ದಾಖಲೆಗೆ ಸೇರಿಸಿ, ಮತ್ತೆ ತಿರಸ್ಕರಿಸಿದರೆ ಆಗ ಅಪೀಲು. ಪೇಟೆಂಟ್ ಕಚೇರಿಯ ಅಪೀಲ್ ಬೋರ್ಡಿನಲ್ಲಿ ಸೋತು ನೇರ ಫೆಡರಲ್ ಸರ್ಕ್ಯೂಟ್‌ಗೆ (ಪೇಟೆಂಟ್ ಅಪೀಲು ಕೇಳುವ ನ್ಯಾಯಾಲಯಕ್ಕೆ) ಹೋದರೂ ಅಲ್ಲಿ ನೋಡುವುದು ಈ ಕಡತವನ್ನೇ. ಹೊಸ ಅಳತೆ ತೋರಿಸಲು ಅವಕಾಶವಿಲ್ಲ.