ಅತ್ತಿಗೆ ಮೆಸೇಜಿಗೆ ಉತ್ತರ, ಸ್ವಲ್ಪ ಉದ್ದ ಇದೆ, ಎಲ್ರೂ ಪೂರ್ತಿ ಕೇಳಿ

ಈಗ ತಾನೆ ಡ್ಯೂಟಿ ಮುಗಿಸ್ಕೊಂಡು ಬಂದು ಗ್ರೂಪ್ ನೋಡ್ದೆ. ಅತ್ತಿಗೆ, ನೀವು ಬೆಳಿಗ್ಗೆ ಹಾಕಿದೀರಲ್ಲ, ಪಾಪೂಗೆ ಎಂಟು ತಿಂಗಳಾಯ್ತು, ಇನ್ನೊಂದೂ ಈಗ್ಲೇ ಆಗ್ಬಿಟ್ರೆ ಎರಡೂ ಜೊತೇಲಿ ಬೆಳ್ಕೊಂಬಿಡ್ತವೆ ಅಂತ, ಅದಕ್ಕೆ ಎಲ್ರೂ ಹೌದೌದು ಅಂದಿದಾರೆ, ಪಾಪು ಅಮ್ಮ ಪುಟ್ಟಿ ಮಾತ್ರ "ನೋಡೋಣ ಅತ್ತೆ" ಅಂತ ಬರ್ದು ಸುಮ್ನಾಗಿದಾಳೆ. ನೀವು ಪ್ರೀತಿಯಿಂದಾನೇ ಹೇಳಿದೀರ, ನಂಗೊತ್ತು. ಆದ್ರೆ ಇಷ್ಟು ವರ್ಷ ಹೆರಿಗೆ ವಾರ್ಡಲ್ಲಿ ಕೆಲ್ಸ ಮಾಡಿ ನಾನು ಸುಮ್ನಿರಕ್ಕಾಗಲ್ಲ, ಈಗ ಬೇಡ, ಖಂಡಿತ ಬೇಡ.

ಮೊದಲ್ನೇದು ಸಿಸೇರಿಯನ್ ಆಗಿರೋದು. ಹೊರಗಡೆ ಹೊಲಿಗೆ ಒಣಗಿದ್ ತಕ್ಷಣ ಒಳಗೂ ಸರಿ ಹೋಯ್ತು ಅಂತಲ್ಲ, ಗರ್ಭಕೋಶದ ಗಾಯ ಗಟ್ಟಿಯಾಗಕ್ಕೆ ಟೈಮ್ ಬೇಕು. ಈಗ ಬಸಿರು ನಿಂತ್ರೆ ಲೆಕ್ಕ ಹಾಕಿ, ಎರಡು ಹೆರಿಗೆ ಮಧ್ಯೆ 17 ತಿಂಗಳು ಆಗತ್ತೆ ಅಷ್ಟೆ. 18-19 ತಿಂಗಳಿಗಿಂತ ಕಮ್ಮಿ ಗ್ಯಾಪ್ ಇದ್ರೆ ನೋವು ಬಂದಾಗ ಆ ಹಳೇ ಹೊಲಿಗೆ ಜಾಗ ಬಿಟ್ಕೊಳ್ಳೋ ಅಪಾಯ ಜಾಸ್ತಿ. ಎಲ್ರಿಗೂ ಹಂಗಾಗಲ್ಲ, ಆದ್ರೆ ಆದಾಗ ತಾಯಿ ಮಗು ಇಬ್ರಿಗೂ ನಿಮಿಷಗಳ ಲೆಕ್ಕ.

ಎರಡ್ನೇದು ರಕ್ತ. ಪುಟ್ಟಿ, ಎಲ್ರ ಮುಂದೆ ನಿನ್ ವಿಷ್ಯ ಎತ್ತಿದೆ ಅಂತ ಬೇಜಾರ್ ಮಾಡ್ಕೋಬೇಡ, ರಿಪೋರ್ಟ್ ನಿನ್ ಗಂಡನೇ ಇಲ್ಲಿ ಹಾಕಿದಾನಲ್ಲ, ಹಿಮೋಗ್ಲೋಬಿನ್ 8.6 ಇದೆ. 12 ಇರ್ಬೇಕು. ಹಬ್ಬಕ್ಕೆ ಬಂದಾಗ್ಲೇ ನಂಗೆ ಅನುಮಾನ ಬಂತು, ಪಾಪೂನ ಎತ್ಕೊಂಡು ಮಹಡಿ ಮೆಟ್ಲು ಹತ್ತೋವಾಗ ಮಧ್ಯದಲ್ಲೇ ಗೋಡೆ ಹಿಡ್ಕೊಂಡು ನಿಂತ್ಲು, ಕಣ್ಣಿನ ಕೆಳಗಿನ ರೆಪ್ಪೆ ಎಳ್ದು ನೋಡಿದ್ರೆ ಒಳಗೆ ಕೆಂಪೇ ಇಲ್ಲ, ಬಿಳುಚ್ಕೊಂಡಿದೆ. ಬಸಿರಾದಾಗ ಮೈಯಲ್ಲಿ ರಕ್ತದ ನೀರಿನಂಶ ಜಾಸ್ತಿಯಾಗಿ ಹಿಮೋಗ್ಲೋಬಿನ್ ಇನ್ನೂ ಕೆಳಗಿಳಿಯತ್ತೆ, ಈಗ್ಲೇ 8.6 ಅಂದ್ರೆ ಆಗ ಎಲ್ಲಿಗೆ ಹೋಗತ್ತೆ ಹೇಳಿ. ಮಗು ತೂಕ ಕಮ್ಮಿ, ದಿನ ತುಂಬೋ ಮುಂಚೆ ಹೆರಿಗೆ, ಹೆರಿಗೇಲಿ ರಕ್ತ ಹೋದ್ರೆ ತಡ್ಕೊಳ್ಳೋ ಶಕ್ತಿ ಇಲ್ಲ, ಎಲ್ಲಾ ಇದರ ಹಿಂದೇನೇ ಬರೋದು. ಕಬ್ಬಿಣದ ಮಾತ್ರೆ ದಿನಾ ತಗೊ, ಕಾಫಿ ಟೀ ಹಾಲಿನ ಜೊತೆ ಮಾತ್ರ ಬೇಡ, ನಿಂಬೆ ಪಾನಕದ ಜೊತೆ ತಗೊ. ಮಲ ಕಪ್ಪಗಾಗತ್ತೆ, ಹೆದ್ರಿ ನಿಲ್ಲಿಸ್ಬೇಡ.

ಹಂಗಾದ್ರೆ ಎಷ್ಟು ಕಾಯ್ಬೇಕು ಅಂತೀರ? ವಿಶ್ವ ಆರೋಗ್ಯ ಸಂಸ್ಥೆ ಹೇಳೋದು, ಒಂದು ಹೆರಿಗೆಯಾಗಿ ಕನಿಷ್ಠ 24 ತಿಂಗಳು ಬಿಟ್ಟು ಮುಂದಿನದಕ್ಕೆ ಪ್ರಯತ್ನ ಮಾಡಿ ಅಂತ, ಮೇಲೆ ಒಂಬತ್ತು ತಿಂಗಳು ಸೇರಿದ್ರೆ ನಮ್ ಆಶಾ ಕಾರ್ಯಕರ್ತೆಯರು ಹೇಳೋ ಮೂರು ವರ್ಷದ ಅಂತರಕ್ಕೆ ಹತ್ರಾನೇ ಆಯ್ತು. ಪುಟ್ಟಿಗೆ 37 ಆಗಿದ್ರೆ ಡಾಕ್ಟ್ರನ್ನ ಕೇಳಿ ಸ್ವಲ್ಪ ಬೇಗ ಯೋಚ್ನೆ ಮಾಡು ಅಂತ ನಾನೇ ಅಂತಿದ್ದೆ, ಇವ್ಳಿಗಿನ್ನೂ 28, ಏನು ಅವಸರ? ಕೆಲ್ಸದ ಚಿಂತೇನೂ ಬೇಡ, ಎರಡ್ನೇ ಮಗೂಗೂ 26 ವಾರದ ರಜೆ ಕಾನೂನಲ್ಲೇ ಇದೆ. ಗಂಡು ಬೇಕು ಅನ್ನೋ ಮಾತು ಯಾರ ಮನಸ್ಸಲ್ಲಾದ್ರೂ ಇದ್ರೆ ಅದನ್ನ ಪುಟ್ಟಿ ಕಿವಿಗೆ ಹಾಕ್ಬೇಡಿ ದಯವಿಟ್ಟು, ಗಂಡೋ ಹೆಣ್ಣೋ ಅನ್ನೋದು ಗಂಡಸಿನ ಕಡೆಯಿಂದ ಬರೋದು.

ಇನ್ನೊಂದು ಮುಖ್ಯ, ಹಾಲು ಕುಡಿಸ್ತಿದ್ರೆ ಬಸಿರಾಗಲ್ಲ ಅಂತ ಚಿಕ್ಕಮ್ಮ ಬರ್ದಿದಾರೆ. ಅದು ಮಗೂಗೆ ಆರು ತಿಂಗಳೊಳಗೆ, ಬರೀ ಎದೆಹಾಲೇ ಕುಡಿಸ್ತಿದ್ದು, ಮುಟ್ಟು ಇನ್ನೂ ಶುರುವಾಗಿಲ್ದೇ ಇದ್ದಾಗ ಮಾತ್ರ ನಂಬ್ಬೋದು. ಪಾಪು ಆಗ್ಲೇ ರಾಗಿ ಸರಿ ತಿಂತಿದೆ. ಮುಟ್ಟು ಬರೋ ಮುಂಚೆನೇ ಅಂಡಾಣು ಬಿಡುಗಡೆ ಆಗ್ಬೋದು, ಮುಟ್ಟೇ ಕಾಣ್ದೆ ಬಸಿರಾಗಿ ಬಂದವ್ರನ್ನ ನಾವು ನೋಡ್ತಾನೇ ಇರ್ತೀವಿ. ಅದಕ್ಕೆ ಬಸಿರು ತಡಿಯಕ್ಕೆ ಗರ್ಭಕೋಶದೊಳಗೆ ಹಾಕೋ ಕಾಪರ್ ಟಿ ಕೇಳಿ ನೋಡು, ಸರ್ಕಾರಿ ಆಸ್ಪತ್ರೇಲಿ ಫ್ರೀ, ಬೇಕಾದಾಗ ತೆಗ್ಸಿದ್ರೆ ತಡ ಇಲ್ದೆ ಬಸಿರಾಗ್ಬೋದು. ಬಸಿರು ತಡಿಯೋ ಅಂತರಾ ಇಂಜೆಕ್ಷನ್ನೂ ಒಳ್ಳೇದೇ, ಆದ್ರೆ ಬಿಟ್ಟಮೇಲೆ ಬಸಿರಾಗಕ್ಕೆ ಕೆಲವು ತಿಂಗಳು ಹಿಡಿಯತ್ತೆ, ಅದನ್ನ ತಲೇಲಿಟ್ಕೊ. ಇಲ್ಲಾ ನಮ್ ಹುಡುಗ ಕಾಂಡೋಮ್ ಬಳಸ್ಲಿ, ಎಲ್ಲಾ ಅವ್ಳೇ ಯಾಕೆ ಹೊರ್ಬೇಕು.

ಆಮೇಲೆ ನೀವಿಬ್ರೂ ಹೂಂ ಅಂದಾಗ, ಅತ್ತೆ ಅಲ್ಲ ನಾನಲ್ಲ, ನೀವಿಬ್ರು, ಆಗ ಒಂದು ತಿಂಗಳು ಮುಂಚೇನೇ ಫೋಲಿಕ್ ಆಸಿಡ್ 400 ಮೈಕ್ರೋಗ್ರಾಂ ಶುರು ಮಾಡು, ರಕ್ತ ಶುಗರ್ ಥೈರಾಯ್ಡ್ ಚೆಕ್ ಮಾಡ್ಸು. ಬೇಡ ಒಂದೇ ಸಾಕು ಅನ್ಸಿದ್ರೂ ನಾನು ನಿನ್ ಕಡೇನೇ.

ಪುಟ್ಟಿ, ಆಪರೇಷನ್ ಯಾಕೆ ಆಯ್ತು, ಹೊಲಿಗೆ ಹೆಂಗೆ ಹಾಕಿದ್ರು ಅಂತ ಡಿಸ್ಚಾರ್ಜ್ ಪೇಪರಲ್ಲಿ ಇರತ್ತೆ, ಮುಂದಿನ ಸಲಕ್ಕೆ ಡಾಕ್ಟ್ರು ಅದನ್ನೇ ಕೇಳೋದು. ಹುಡುಕಿ ಫೋಟೋ ತೆಗ್ದು ಕಳ್ಸು, ಗ್ರೂಪಲ್ಲಿ ಬೇಡ, ನನ್ ನಂಬರಿಗೆ. ನಾಳೆ ನಂಗೆ ರಜ, ಪಾಪು ಮಲ್ಗಿದಾಗ ಫೋನ್ ಮಾಡು.