ಅಪ್‌ಡೇಟ್: ಕುಡಿತ ಬಿಟ್ಟೆ, ಆದರೆ ಮನೆಯವರು ಹತ್ತಿರ ಬರ್ತಿಲ್ಲ ಅಂದಿದ್ದೆ

ಮೂರು ವಾರದ ಹಿಂದೆ ಕೇಳಿದ್ದೆ: ಕುಡಿತ ಬಿಟ್ಟು ನಾಲ್ಕು ತಿಂಗಳಾಯಿತು, ಆದರೂ ಮನಸ್ಸು ಮರಗಟ್ಟಿದ ಹಾಗಿದೆ, ಹೆಂಡತಿ, ಮಗಳು ಮಾತಾಡಿಸುವುದಿಲ್ಲ, ಏನು ಮಾಡಲಿ ಅಂತ. ಉತ್ತರ ಬರೆದ ಎಲ್ಲರಿಗೂ ಥ್ಯಾಂಕ್ಸ್.

ಇಬ್ಬರನ್ನೂ ಕೂರಿಸಿ ಕ್ಷಮೆ ಕೇಳಿ ಅಂದಿದ್ದಿರಿ. ಕೇಳಿದೆ. ಮಗಳು ಎದ್ದು ಹೋದಳು. ಕುಡಿಯುತ್ತಿದ್ದಾಗಲೂ ಎಷ್ಟು ಸಲ ಹೀಗೇ ಕೇಳಿದ್ದೆನೋ, ಅವಳ ತಪ್ಪಲ್ಲ. ಸೈಕಲ್ ಕೊಡಿಸಿದ್ದರಿಂದಲೂ ಏನೂ ಆಗಲಿಲ್ಲ.

ಕೈಹಿಡಿದದ್ದು "ದಿನಾ ಒಂದು ಸಣ್ಣ ಕೆಲಸ ಮಾಡಿ, ಹೇಳಿಕೊಳ್ಳಬೇಡಿ" ಅನ್ನುವ ಸಲಹೆ. ಬೆಳಿಗ್ಗೆ ಮಗಳ ಡಬ್ಬಿ ನಾನೇ ಕಟ್ಟುತ್ತೇನೆ. 12ನೇ ದಿನ "ಅಪ್ಪಾ, ಚಿತ್ರಾನ್ನಕ್ಕೆ ಉಪ್ಪು ಜಾಸ್ತಿ ಆಗಿತ್ತು" ಅಂದಳು, ಎಷ್ಟೋ ತಿಂಗಳ ಮೇಲೆ ಅವಳಾಗಿಯೇ ಆಡಿದ ಮಾತು ಅದು, ಅಡುಗೆಮನೆಯಲ್ಲೇ ನಿಂತು ಅತ್ತುಬಿಟ್ಟೆ.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೂ ಫೋನ್ ಮಾಡಿದೆ, ಕನ್ನಡದಲ್ಲೇ ಮಾತಾಡಿದರು. ಬಿಟ್ಟ ಮೇಲೆ ಕೆಲವು ತಿಂಗಳು ಮನಸ್ಸು ಹೀಗೆ ಮಂಕಾಗಿರುವುದು ತುಂಬ ಜನರಿಗೆ ಆಗುತ್ತದಂತೆ, ಮಿದುಳು ಸರಿಹೋಗಲು ಸಮಯ ಬೇಕು. ನನಗೆ ಗೊತ್ತೇ ಇರಲಿಲ್ಲ. ಇನ್ನೊಂದು ವಿಷಯ, ಕುಡಿತ ಬಿಡಲು ಒಬ್ಬರಿಗೊಬ್ಬರು ಆಸರೆಯಾಗುವವರ ಕೂಟ ಆಲ್ಕೋಹಾಲಿಕ್ಸ್ ಅನಾನಿಮಸ್ 1935ರಲ್ಲಿ ಅಮೆರಿಕದ ಆಕ್ರನ್‌ನಲ್ಲಿ ಶುರುವಾಗಿದ್ದೇ ಕುಡಿತ ಬಿಟ್ಟಿದ್ದ ಒಬ್ಬರು, ಮತ್ತೆ ಕುಡಿಯಬಾರದು ಅಂತ, ಇನ್ನೂ ಕುಡಿಯುತ್ತಿದ್ದ ಒಬ್ಬರನ್ನು ಹುಡುಕಿಕೊಂಡು ಹೋಗಿ ಮಾತಾಡಿದ್ದರಿಂದ. ಈಗ ನಾನೂ ಅದರ ಮೀಟಿಂಗ್‌ನಲ್ಲಿ ಹೊಸಬರ ಪಕ್ಕ ಕೂರುತ್ತೇನೆ.

ಹೆಂಡತಿ ಇನ್ನೂ ದೂರವೇ ಇದ್ದಾಳೆ. ಆದರೆ ಭಾನುವಾರ ಅಲ್-ಅನಾನ್ (ಕುಡಿಯುವವರ ಮನೆಯವರ ಕೂಟ) ಮೀಟಿಂಗ್‌ಗೆ ಹೋಗಿ ಬಂದಳು.