ಸಹಾಯ ಬೇಕು: ಫ್ರೀ ಟ್ರಾನ್ಸ್‌ಫರ್ ಒಂದೇ, ತಲೆನೋವು ಎರಡು

ಫ್ಯಾಂಟಸಿ ಪ್ರೀಮಿಯರ್ ಲೀಗ್ (ಇಂಗ್ಲೆಂಡಿನ ಫುಟ್‌ಬಾಲ್ ಲೀಗ್‌ನ ಆಟಗಾರರನ್ನು ಕೊಂಡು ತಂಡ ಕಟ್ಟಿ, ನಿಜವಾದ ಪಂದ್ಯಗಳಲ್ಲಿ ಅವರ ಆಟಕ್ಕೆ ಪಾಯಿಂಟ್ ಪಡೆಯುವ ಆನ್‌ಲೈನ್ ಆಟ) ಆಡುವವರು ಇಲ್ಲಿ ಯಾರಾದರೂ ಇದ್ದೀರಾ? ಅಂಧೇರಿಯ ನಮ್ಮ ಆಫೀಸಿನ ಮಿನಿ ಲೀಗ್‌ನಲ್ಲಿ ಮೊದಲಿನವನಿಗೂ ನನಗೂ ಅಂತರ ಜಾಸ್ತಿ ಇಲ್ಲ. ಈ ವಾರ ಎಡವುವ ಹಾಗಿಲ್ಲ.

ನನ್ನ ಒಬ್ಬ ಮಿಡ್‌ಫೀಲ್ಡರ್‌ಗೆ ಹಳದಿ ಗುರುತು ಬಿದ್ದಿದೆ, ಆಡುವ ಸಾಧ್ಯತೆ 50% ಅಂತೆ. ಆಟದ ದುಡ್ಡಿನಲ್ಲಿ 7.5 ಮಿಲಿಯನ್‌ಗೆ ಕೊಂಡಿದ್ದೆ, ಈಗ 7.8 ಆಗಿದೆ. ಮಾರಿದರೆ ಕೈಗೆ ಬರುವುದು 7.6 ಮಾತ್ರ. ಮತ್ತೆ ಬೇಕೆಂದರೆ ಪೂರ್ತಿ ಬೆಲೆ ಕೊಡಬೇಕು. ಹೊಟ್ಟೆ ಉರಿಯುತ್ತದೆ, ಅಲ್ವಾ? ಸುಮ್ನೆ ಇಟ್ಟುಕೊಳ್ಳೋಣ ಎಂದರೆ ಇನ್ನೊಂದು ಭಯ. ಅವನು ಕಣಕ್ಕೇ ಇಳಿಯದಿದ್ದರೆ ಬೆಂಚಿನವನು ತಾನಾಗಿ ಒಳಗೆ ಬರುತ್ತಾನೆ, ಚಿಂತೆಯಿಲ್ಲ. ಕೊನೆಯ ಹತ್ತು ನಿಮಿಷ ಬಂದು ಹೋದರೆ? 1 ಪಾಯಿಂಟ್ ಅಷ್ಟೇ, ಬೆಂಚಿನವನ ಪಾಯಿಂಟ್ ಬೆಂಚಲ್ಲೇ ಕೊಳೆಯುತ್ತದೆ.

ಜೊತೆಗೆ ಒಬ್ಬ ಡಿಫೆಂಡರ್‌ಗೆ ಅವನ ಕ್ಲಬ್‌ನಲ್ಲೇ ಜಾಗ ಹೋಗಿದೆ. ಫ್ರೀ ಟ್ರಾನ್ಸ್‌ಫರ್ (ಪಾಯಿಂಟ್ ಕಳೆದುಕೊಳ್ಳದೆ ಆಟಗಾರನನ್ನು ಬದಲಿಸುವ ಅವಕಾಶ) ಒಂದೇ ಇರುವುದರಿಂದ ಇಬ್ಬರನ್ನೂ ಬದಲಿಸಿದರೆ 4 ಪಾಯಿಂಟ್ ಕಟ್. ಹೊಸ ಡಿಫೆಂಡರ್ ಕ್ಲೀನ್ ಶೀಟ್ (ಅವನ ತಂಡ ಒಂದೂ ಗೋಲು ಬಿಟ್ಟುಕೊಡದಿರುವುದು) ತಂದರೆ ಆ 4 ವಾಪಸ್ ಬಂದಂತೆ, ಇಲ್ಲದಿದ್ದರೆ ಗೋವಿಂದ. ಆರ್ಸೆನಲ್‌ನಿಂದ ತರೋಣ ಎಂದರೆ ಆಗಲೇ ಮೂವರಿದ್ದಾರೆ, ಒಂದೇ ಕ್ಲಬ್‌ನಿಂದ ನಾಲ್ಕನೆಯವನಿಗೆ ಅವಕಾಶವಿಲ್ಲ. ಕ್ಯಾಪ್ಟನ್ ಮ್ಯಾಂಚೆಸ್ಟರ್ ಸಿಟಿಯ ಎರ್ಲಿಂಗ್ ಹಾಲೆಂಡ್, ಅದರಲ್ಲಿ ಚರ್ಚೆ ಬೇಡ.

ಶುಕ್ರವಾರವೇ ಪಂದ್ಯ ಇರುವುದರಿಂದ ನಮ್ಮ ರಾತ್ರಿ 11ಕ್ಕೆ ತಂಡ ಬದಲಿಸುವ ಡೆಡ್‌ಲೈನ್. ಆ ಹೊತ್ತಿಗೆ ನಾನು ವಿರಾರ್ ಲೋಕಲ್‌ನಲ್ಲಿ ನೇತಾಡುತ್ತಿರುತ್ತೇನೆ, ಫೋನ್ ಹೊರಗೆ ತೆಗೆಯುವುದೂ ಕಷ್ಟ. ಹಾಗಾಗಿ ಸಂಜೆಯೊಳಗೆ ಹೇಳಿ: ಮಿಡ್‌ಫೀಲ್ಡರ್‌ನನ್ನು ಮಾರಲಾ, ಡಿಫೆಂಡರ್‌ನನ್ನಾ, ಅಥವಾ 4 ಪಾಯಿಂಟ್ ಹೋದರೆ ಹೋಗಲಿ ಎಂದು ಇಬ್ಬರನ್ನೂ ಕಳಿಸಲಾ?